ಮುಕ್ಕಾಲು ಗಂಟೆ ಫೋನ್ ಡಬ್ಬದಲ್ಲಿರಲಿ

ಕಳೆದ ತಿಂಗಳ ಒಂದು ಭಾನುವಾರ. ದುಬೈನ ಇಂಟರ್‌ನ್ಯಾಷನಲ್ ಸಿಟಿಯಲ್ಲಿ ಮಕ್ಕಳಿಗೆ ಚೆಸ್, ಅಬಾಕಸ್ ಕಲಿಸುವ ನೆಲಮಹಡಿಯ ಒಂದು ಹಾಲ್‌ನಲ್ಲಿ ದೊಡ್ಡವರಿಗೆಂದು ಸಣ್ಣ ಟೂರ್ನಿಯೊಂದು ನಡೆಯಿತು. ಹದಿನಾರು ಜನ, ನಾಲ್ಕು ಸುತ್ತು. ಒಬ್ಬೊಬ್ಬರಿಗೆ ಹದಿನೈದು ನಿಮಿಷ, ಪ್ರತಿ ನಡೆಗೆ ಹತ್ತು ಸೆಕೆಂಡ್ ಹೆಚ್ಚುವರಿ. ಪ್ರವೇಶ ಶುಲ್ಕ 20 ದಿರ್ಹಂ. ಆಡಲು ಬಂದವರಲ್ಲಿ ನಾವು ಐದು ಜನ ಕನ್ನಡಿಗರಿದ್ದೆವು. ಉಳಿದವರು ಮಲಯಾಳಿಗಳು, ಫಿಲಿಪ್ಪೀನ್ಸ್‌ನವರು, ಪಾಕಿಸ್ತಾನದವರು, ಒಬ್ಬ ಈಜಿಪ್ಟಿನ ಅಕೌಂಟೆಂಟ್. ಯಾರೂ ದೊಡ್ಡ ಆಟಗಾರರಲ್ಲ. ವಾರಕ್ಕೊಂದು ದಿನ ರಜೆ ಸಿಗುವ ಮಂದಿ.

ಕೊನೆಯ ಸುತ್ತು ಸಂಜೆ 4 ಗಂಟೆಗೆ ಶುರುವಾಯಿತು. ನನ್ನ ಪಕ್ಕದ ಹಲಗೆಯಲ್ಲಿ ಇಬ್ಬರು ಕನ್ನಡಿಗರೇ ಎದುರುಬದುರಾಗಿದ್ದರು. ಬಿಳಿ ಕಾಯಿ ಹಿಡಿದವರು ಬೈಂದೂರು ಕಡೆಯವರು. ಐವತ್ತು ದಾಟಿದ ವಯಸ್ಸು, ಗೋದಾಮೊಂದರಲ್ಲಿ ಸ್ಟೋರ್ ಕೀಪರ್, ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷ. ಕರಿ ಕಾಯಿಯವನು ಸಿಂಧನೂರು ತಾಲ್ಲೂಕಿನ ಹುಡುಗ. ಎ.ಸಿ. ರಿಪೇರಿ ಕೆಲಸ, ಬಂದು ಎರಡು ವರ್ಷವೂ ಆಗಿಲ್ಲ. ಗೆದ್ದವರಿಗೆ ಮೂರನೇ ಸ್ಥಾನ ಸಿಗುವ ಲೆಕ್ಕವಿತ್ತು. ನಲವತ್ತು ನಿಮಿಷ ಕಳೆಯುವಷ್ಟರಲ್ಲಿ ಹಲಗೆ ಬಹುತೇಕ ಖಾಲಿಯಾಗಿತ್ತು. ಇಬ್ಬರಿಗೂ ಒಬ್ಬ ರಾಜ, ಒಂದು ಆನೆ. ಬಿಳಿಯವರಿಗೆ ಜೊತೆಯಲ್ಲಿ ಒಂದು ಕಾಲಾಳು. ಆ ಒಂದು ಕಾಲಾಳು ಎಂಟನೇ ಮನೆ ಮುಟ್ಟಿ ಮಂತ್ರಿಯಾದರೆ ಆಟ ಮುಗಿದಂತೆ. ಅವರ ಮುಖದಲ್ಲಿ ಆಗಲೇ ಗೆಲುವಿನ ಕಳೆ ಬಂದಿತ್ತು.

ಅಷ್ಟರಲ್ಲಿ ಅವರ ಪ್ಯಾಂಟಿನ ಜೇಬಿನಿಂದ ಗುರ್ರ್ ಎಂಬ ಸದ್ದು. ವೈಬ್ರೇಷನ್‌ನಲ್ಲಿಟ್ಟ ಫೋನ್ ಪ್ಲಾಸ್ಟಿಕ್ ಕುರ್ಚಿಗೆ ತಾಗಿ ಇಡೀ ಹಾಲ್‌ಗೆ ಕೇಳಿಸಿತು. ಆರ್ಬಿಟರ್ ಆಗಿದ್ದವರು ಫಿಲಿಪ್ಪೀನ್ಸ್‌ನವರು, ಮೃದು ಮಾತಿನ ಮನುಷ್ಯ. ಬಂದು ಗಡಿಯಾರ ನಿಲ್ಲಿಸಿದರು, ಕ್ಷಮೆ ಕೇಳುವ ದನಿಯಲ್ಲೇ ಆಟ ಕರಿಯವರದ್ದು ಎಂದರು. ಬಾಗಿಲ ಪಕ್ಕದ ಮೇಜಿನ ಮೇಲೆ ಫೋನ್ ಹಾಕಲು ರಟ್ಟಿನ ಡಬ್ಬ ಇಟ್ಟಿದ್ದರು. ಪ್ರತಿ ಸುತ್ತಿಗೆ ಮೊದಲು ಸೂಚನೆಯನ್ನೂ ಕೊಟ್ಟಿದ್ದರು. ಹದಿನೈದು ಫೋನ್ ಆ ಡಬ್ಬದಲ್ಲಿದ್ದವು. ಇವರದ್ದು ಮಾತ್ರ ಜೇಬಿನಲ್ಲಿತ್ತು.

ಹೊರಗೆ ಹೋಗಿ ಮಾತಾಡಿ ಬಂದವರ ಮುಖ ನೋಡಿ ನಾನೇ ಕೇಳಿದೆ, ಮನೆಯಲ್ಲಿ ಎಲ್ಲ ಸೌಖ್ಯವೇ ಎಂದು. ಅವರು ನಕ್ಕರು, ಆದರೆ ಅದು ನಗುವಿನ ಹಾಗಿರಲಿಲ್ಲ. ಆನ್‌ಲೈನ್‌ನಲ್ಲಿ ತರಿಸಿದ ಮಿಕ್ಸಿ ಬಂದಿತ್ತಂತೆ. ಡೆಲಿವರಿ ಹುಡುಗ ಬಾಗಿಲಲ್ಲಿ ನಿಂತು ಒಟಿಪಿ ಕೇಳುತ್ತಿದ್ದ. ಒಟಿಪಿ ಬರುವುದು ದುಬೈನಲ್ಲಿರುವ ಇವರ ಜೇಬಿನ ಫೋನಿಗೆ.

"ತಿಂಗ್ಳ್ ಹಿಂದೆ ಅಬ್ಬಿ ಬಚ್ಚಲಲ್ಲಿ ಬಿದ್ದಿದ್ರ್ ಮಾರಾಯ್ರೆ. ಫೋನ್ ಬಂದ್ ಕೂಡ್ಲೆ ಎಂತ ಆಯ್ತೋ ಅಂದೇಳಿ ಹೆದ್ರಿಕೆ" ಎಂದರು. ಡಬ್ಬದಲ್ಲಿ ಯಾಕೆ ಹಾಕಲಿಲ್ಲ ಎಂದು ಕೇಳುವ ಅಗತ್ಯ ಉಳಿಯಲಿಲ್ಲ.

ಊರಿನಲ್ಲಿರುವ ಮನೆಯವರು ಈ ಪುಟ ಓದುತ್ತೀರಿ ಎಂದು ಗೊತ್ತಿರುವುದರಿಂದ ಈ ವಿಷಯ ಬರೆಯುತ್ತಿದ್ದೇನೆ. ಆ ಭಾನುವಾರ ಸೋತದ್ದು ಒಂದು ಆಟ ಮಾತ್ರ, ನಿಜ. ಮೂರನೇ ಸ್ಥಾನಕ್ಕೆ ಸಿಗುತ್ತಿದ್ದುದು ಅಂಗೈಯಷ್ಟು ಎತ್ತರದ ಒಂದು ಕಪ್. ಆದರೆ ಆ ಫೋನಿನ ಹಿಂದೆ ನಮ್ಮೆಲ್ಲರ ಮನೆಯ ಒಂದು ವಿಷಯ ಅಡಗಿದೆ, ಅದನ್ನು ಬಿಚ್ಚಿ ಮಾತಾಡುವ ಕಾಲ ಬಂದಿದೆ ಎಂದು ನನಗನಿಸುತ್ತದೆ.

ನಿಯಮ ಕಠಿಣ, ಆದರೆ ತಪ್ಪಲ್ಲ

ಮೊದಲು ನಿಯಮದ ಮಾತು. ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆಯ ನಿಯಮದಂತೆ ಆಟ ನಡೆಯುವಾಗ ಆಟಗಾರನ ಮೈಮೇಲೆ ಫೋನ್ ಇರಬಾರದು. ಇದ್ದದ್ದು ಸಾಬೀತಾದರೆ ಎದುರಾಳಿ ಗೆದ್ದ. ಸಂಘಟಕರು ಬೇಕಾದರೆ ಇದಕ್ಕಿಂತ ಹಗುರವಾದ ಶಿಕ್ಷೆಯನ್ನು ಮೊದಲೇ ಗೊತ್ತು ಮಾಡಬಹುದು. ಆದರೆ ಇವತ್ತು ಜೇಬಿನ ಫೋನಿನಲ್ಲಿರುವ ಚೆಸ್ ಪ್ರೋಗ್ರಾಂ ವಿಶ್ವ ಚಾಂಪಿಯನ್‌ನನ್ನೂ ಸೋಲಿಸುತ್ತದೆ. ಹಾಗಾಗಿ ಫೋನ್ ಹೊರಗಿಡಿ ಎನ್ನುವುದರಲ್ಲಿ ಅನ್ಯಾಯವೇನಿಲ್ಲ.

ದೊಡ್ಡವರೂ ಇದರಿಂದ ತಪ್ಪಿಸಿಕೊಂಡಿಲ್ಲ. ಉಕ್ರೇನಿನ ರುಸ್ಲಾನ್ ಪೊನೊಮರಿಯೊವ್ 2002ರಲ್ಲಿ ಫಿಡೆ ವಿಶ್ವ ಚಾಂಪಿಯನ್ ಆದವರು. 2003ರ ಅಕ್ಟೋಬರ್‌ನಲ್ಲಿ ಬಲ್ಗೇರಿಯಾದ ಪ್ಲೊವ್‌ಡಿವ್‌ನಲ್ಲಿ ನಡೆದ ಯುರೋಪಿಯನ್ ತಂಡ ಚಾಂಪಿಯನ್‌ಷಿಪ್‌ನಲ್ಲಿ ಅವರ ಫೋನ್ ರಿಂಗ್ ಆಯಿತು, ಆಟ ಹೋಯಿತು. ಅಂದು ಅವರ ಇಪ್ಪತ್ತನೇ ಹುಟ್ಟುಹಬ್ಬ. ವಿಶ್ವ ಚಾಂಪಿಯನ್ ಪಟ್ಟ ಕಂಡವರಿಗೇ ಹೀಗಾದ ಮೇಲೆ ನಮ್ಮ ಸ್ಟೋರ್ ಕೀಪರ್ ಅಣ್ಣನಿಗೆ ಆದದ್ದು ದೊಡ್ಡದಲ್ಲ.

ಹಾಗಾಗಿ ಆರ್ಬಿಟರ್ ಮೇಲೆ ನನಗೆ ಸಿಟ್ಟಿಲ್ಲ. ಬೈಂದೂರಿನ ಅಕ್ಕನ ಮೇಲೂ ಸಿಟ್ಟಿಲ್ಲ. ಗಂಡ ಆಟಕ್ಕೆ ಕೂತಿದ್ದಾರೆ ಎನ್ನುವುದು ಆಕೆಗೆ ಹೇಗೆ ಗೊತ್ತಾಗಬೇಕು? ಅವರು ಹೇಳಿರಲೇ ಇಲ್ಲ.

ಸೂಟ್‌ಕೇಸ್ ಹಿಂದಿನ ಕಪ್

ಇಲ್ಲಿಂದ ಮುಂದಿನದ್ದು ನನಗೆ ನಿಜವಾಗಿ ನೋವು ಕೊಟ್ಟ ಭಾಗ. ಆ ಸಂಜೆ ಚಹಾ ಕುಡಿಯುತ್ತಾ ಗೊತ್ತಾಯಿತು, ಇವರು ಆರು ವರ್ಷದಿಂದ ಹೀಗೆ ಟೂರ್ನಿಗಳಲ್ಲಿ ಆಡುತ್ತಿದ್ದಾರೆ. ಎರಡು ವರ್ಷದ ಹಿಂದೆ ಒಂದು ಕಡೆ ಎರಡನೇ ಸ್ಥಾನ ಬಂದು ಕಪ್ ಗೆದ್ದಿದ್ದಾರೆ. ಆ ಕಪ್ ಈಗಲೂ ಅವರ ಬೆಡ್‌ಸ್ಪೇಸ್‌ನ ಮಂಚದ ಕೆಳಗೆ, ಸೂಟ್‌ಕೇಸ್ ಹಿಂದೆ ಇದೆ. ಎರಡು ಸಲ ರಜೆಯಲ್ಲಿ ಊರಿಗೆ ಹೋಗಿ ಬಂದರೂ ಒಯ್ದಿಲ್ಲ. ಕೇಳಿದರೆ, "ತಕಂಡ್ ಹೋದ್ರೆ ಕೇಳ್ತ್ರಲೆ, ಅಲ್ಲಿ ದುಡೂಕ್ ಹೋದ್ದಾ ಆಡೂಕ್ ಹೋದ್ದಾ ಅಂದೇಳಿ" ಎಂದರು.

ಈ ಮಾತನ್ನು ಯಾರೂ ಅವರಿಗೆ ಎದುರಿಗೆ ಹೇಳಿಲ್ಲ. ಹೇಳಬಹುದು ಎಂಬ ಅಳುಕೇ ಸಾಕಾಗಿದೆ. ಗಲ್ಫ್‌ಗೆ ಬಂದ ಗಂಡಸರಲ್ಲಿ ಈ ಅಳುಕು ಎಷ್ಟು ಆಳವಾಗಿದೆ ಎನ್ನುವುದು ಊರಿನಲ್ಲಿ ಕೂತವರಿಗೆ ತಿಳಿಯುವುದು ಕಷ್ಟ. ಮನೆ ಕಟ್ಟಿಸಿದ ಸಾಲ, ಮಗಳ ಕಾಲೇಜು, ತಾಯಿಯ ಔಷಧಿ ಎಲ್ಲವೂ ತಿಂಗಳ ಮೊದಲ ವಾರ ಕಳಿಸುವ ಹಣದ ಮೇಲೆ ನಿಂತಿರುವಾಗ, ತಾನು ಒಂದು ಮಧ್ಯಾಹ್ನ ನಗುತ್ತಾ ಕೂತಿದ್ದೆ ಎಂದು ಹೇಳಲು ನಾಲಿಗೆ ಬರುವುದಿಲ್ಲ. ಹಾಗಾಗಿ ಫೋನಿನಲ್ಲಿ ಒಂದೇ ಪಾಠ: ಡ್ಯೂಟಿ ಇತ್ತು, ಊಟ ಆಯ್ತು, ಸೆಖೆ ಜೋರು. ನಾನೂ ಹದಿನಾಲ್ಕು ವರ್ಷ ಇದೇ ಪಾಠ ಒಪ್ಪಿಸಿದವನು.

ಇಂಟರ್‌ನ್ಯಾಷನಲ್ ಸಿಟಿ ಎಂದರೆ ಊರಿನವರ ಕಲ್ಪನೆಯ ದುಬೈ ಅಲ್ಲ. ಬುರ್ಜ್ ಖಲೀಫಾ ಇಲ್ಲಿಂದ ದೂರ. ಅಲ್ ವರ್ಸಾನ್ ಪ್ರದೇಶದಲ್ಲಿ, ಡ್ರ್ಯಾಗನ್ ಮಾರ್ಟ್ ಪಕ್ಕದಲ್ಲಿ, ಚೀನಾ, ಇಂಗ್ಲೆಂಡ್, ಫ್ರಾನ್ಸ್, ಮೊರಾಕ್ಕೊ, ಪರ್ಷಿಯಾ ಎಂದು ದೇಶಗಳ ಹೆಸರಿಟ್ಟ ಕ್ಲಸ್ಟರ್‌ಗಳು. ಎಲ್ಲವೂ ಹೆಚ್ಚು ಮಹಡಿಯಿಲ್ಲದ ಒಂದೇ ಅಳತೆಯ ಕಟ್ಟಡಗಳು. ದುಬೈನಲ್ಲಿ ಬಾಡಿಗೆ ಸ್ವಲ್ಪ ಕೈಗೆಟಕುವ ಜಾಗ ಎಂದು ಹೆಸರು. ಸಣ್ಣ ಸಂಬಳದ ಸಂಸಾರಗಳು, ಒಂದು ಫ್ಲ್ಯಾಟ್ ಹಂಚಿಕೊಂಡು ಇರುವ ಬ್ಯಾಚುಲರ್‌ಗಳು ಇಲ್ಲಿ ತುಂಬಿದ್ದಾರೆ. ಬೆಡ್‌ಸ್ಪೇಸ್‌ನಲ್ಲಿ ಇರುವವನಿಗೆ ತನ್ನದು ಎನ್ನಲು ಒಂದು ಮಂಚ, ಒಂದು ಪರದೆ. ಎದುರು ಕೂತು ತನ್ನನ್ನೇ ನೋಡಿ, ತನ್ನ ನಡೆಗೆ ಕಾಯುವ ಒಬ್ಬ ಮನುಷ್ಯ ಅವನಿಗೆ ವಾರವಿಡೀ ಸಿಗುವುದಿಲ್ಲ. ಚದುರಂಗದ ಹಲಗೆಯ ಮುಂದೆ ಸಿಗುತ್ತಾನೆ. ಅಲ್ಲಿ ಅವನು ಸ್ಟೋರ್ ಕೀಪರ್ ಅಲ್ಲ, ಎ.ಸಿ. ಟೆಕ್ನೀಷಿಯನ್ ಅಲ್ಲ. ಅವನ ಯೋಚನೆಗೆ ಮಾತ್ರ ಬೆಲೆ.

ಇದು ಸಮಯ ಹಾಳು ಮಾಡುವ ಆಟ, ಇಸ್ಪೀಟಿನ ತಮ್ಮ ಎನ್ನುವವರು ಇದ್ದಾರೆ. ಅವರಿಗೆ ಎರಡು ಮಾತು. ಇದರಲ್ಲಿ ಪಣವಿಲ್ಲ, 20 ದಿರ್ಹಂ ಬಿಟ್ಟರೆ ಕಳೆದುಕೊಳ್ಳುವುದು ಏನೂ ಇಲ್ಲ. ಎರಡನೆಯದಾಗಿ ಇದು ನಮ್ಮದೇ ಆಟ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಕುದುರೆಯನ್ನು ಅರವತ್ನಾಲ್ಕು ಮನೆಯಲ್ಲೂ ಒಂದೊಂದೇ ಸಲ ನಡೆಸುವ ಸಮಸ್ಯೆಗಳಲ್ಲಿ ಮುಳುಗಿದವರು. ಅವರು ರೂಪಿಸಿದ ಆಟಗಳ ಚಿತ್ರಗಳು ಜಗನ್ಮೋಹನ ಅರಮನೆಯ ಗೋಡೆಯ ಮೇಲಿವೆ. ಅದೇ ಮೈಸೂರಿನ ಎಂ.ಎಸ್. ತೇಜ್‌ಕುಮಾರ್ 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಹದಿಹರೆಯದ ಹುಡುಗರು ಆ ಪದವಿ ಪಡೆಯುವ ಈ ಕಾಲದಲ್ಲಿ ಅವರಿಗೆ ಅದು ಸಿಕ್ಕಿದ್ದು ಮೂವತ್ತು ದಾಟಿದ ಮೇಲೆ, ರೈಲ್ವೆಯಲ್ಲಿ ನೌಕರಿ ಮಾಡುತ್ತಲೇ. ದುಡಿಯುವವನು ಆಡಬಾರದು ಎನ್ನುವ ನಿಯಮ ಯಾವ ಊರಿನಲ್ಲೂ ಇಲ್ಲ.

ಇನ್ನು ದುಬೈ ಚೆಸ್‌ಗೆ ಹೊಸ ಊರಲ್ಲ. 1986ರಲ್ಲಿ ಇಲ್ಲಿ ಚೆಸ್ ಒಲಿಂಪಿಯಾಡ್ ನಡೆದಿತ್ತು. 2021ರ ಕೊನೆಯಲ್ಲಿ ಎಕ್ಸ್‌ಪೋ ಆವರಣದಲ್ಲಿ ಮ್ಯಾಗ್ನಸ್ ಕಾರ್ಲ್‌ಸನ್ ಮತ್ತು ಇಯಾನ್ ನೆಪೊಮ್ನಿಯಾಷಿ ವಿಶ್ವ ಪಟ್ಟಕ್ಕೆ ಸೆಣಸಿದರು. ಅದರ ಆರನೇ ಆಟ 136 ನಡೆಗಳವರೆಗೆ, ಏಳೂವರೆ ಗಂಟೆಗೂ ಹೆಚ್ಚು ಹೊತ್ತು ನಡೆಯಿತು. ವಿಶ್ವ ಚಾಂಪಿಯನ್‌ಷಿಪ್ ಚರಿತ್ರೆಯಲ್ಲಿ ಅದಕ್ಕಿಂತ ಉದ್ದದ ಆಟ ಇಲ್ಲ. ಅಷ್ಟು ಹೊತ್ತೂ ಅವರ ಬಳಿ ಫೋನ್ ಇರಲಿಲ್ಲ. ನಮ್ಮ ಟೂರ್ನಿಯ ಒಂದು ಆಟ ಹೆಚ್ಚೆಂದರೆ ಮುಕ್ಕಾಲು ಗಂಟೆ. ಸುತ್ತು ಮುಗಿದ ಮೇಲೆ ಫೋನ್ ಕೈಗೆ ಬರುತ್ತದೆ, ಮನೆಗೆ ಮಾತಾಡಬಹುದು, ಮತ್ತೆ ಡಬ್ಬಕ್ಕೆ ಹಾಕಬಹುದು. ಕೇಳುತ್ತಿರುವುದು ಅಷ್ಟೇ ಹೊತ್ತು.

ಎಲ್ಲ ಕರೆಗೂ ಒಂದೇ ರಿಂಗ್

ಆದರೆ ಮನೆಯವರ ಕಡೆಯ ನ್ಯಾಯವನ್ನೂ ಹೇಳಬೇಕು. ಕಡಲಾಚೆ ಇರುವವನು ಮೂರು ಸಲ ಫೋನ್ ಎತ್ತದಿದ್ದರೆ ಇಲ್ಲಿ ಕೂತ ತಾಯಿ, ಹೆಂಡತಿ ಏನೇನು ಯೋಚಿಸುತ್ತಾರೆ? ರಸ್ತೆ ಅಪಘಾತವೋ, ಎದೆನೋವೋ, ಪೊಲೀಸರೋ ಎಂದು ಎದೆ ಹೊಡೆದುಕೊಳ್ಳುತ್ತದೆ. ಆ ಭಯ ಸುಳ್ಳಲ್ಲ. ಅಂತಹ ಸುದ್ದಿಗಳನ್ನು ಈ ಪುಟದಲ್ಲೇ ನಾವು ಓದಿದ್ದೇವೆ. ಇತ್ತ ಇವನಿಗೂ ಅದೇ ಭಯ. ತಾಯಿ ಬಿದ್ದ ಸುದ್ದಿಗೂ ಮಿಕ್ಸಿಯ ಒಟಿಪಿಗೂ ಫೋನ್ ಒಂದೇ ರೀತಿ ಹೊಡೆದುಕೊಳ್ಳುತ್ತದೆ. ಯಾವುದು ಯಾವುದೆಂದು ಎತ್ತುವವರೆಗೆ ಗೊತ್ತಾಗುವುದಿಲ್ಲ. ಹಾಗಾಗಿ ಎರಡೂ ಕಡೆಯವರು ದಿನವಿಡೀ ಫೋನನ್ನು ಕೈಯಲ್ಲಿ ಹಿಡಿದೇ ಬದುಕುತ್ತಾರೆ.

ಇದಕ್ಕೆ ಔಷಧಿ ಇದೆ, ದುಬಾರಿಯೂ ಅಲ್ಲ. ಮೊದಲನೆಯದು, ಒಟಿಪಿಗಳನ್ನು ಊರಿಗೆ ಕಳಿಸಿಬಿಡಿ. ನಮ್ಮಲ್ಲಿ ಬಹಳ ಮನೆಗಳಲ್ಲಿ ಗ್ಯಾಸ್ ಬುಕಿಂಗ್, ಕರೆಂಟ್ ಬಿಲ್, ಆನ್‌ಲೈನ್ ಖರೀದಿ, ಮನೆಖರ್ಚಿನ ಬ್ಯಾಂಕ್ ಖಾತೆ ಎಲ್ಲವೂ ಗಂಡನ ಊರಿನ ಸಿಮ್‌ಗೆ ಜೋಡಿಸಿಕೊಂಡಿವೆ. ಆ ಸಿಮ್ ರೋಮಿಂಗ್‌ನಲ್ಲಿ ಇಲ್ಲಿ ಅವನ ಜೇಬಿನಲ್ಲಿರುತ್ತದೆ. ಅಂದರೆ ಬೈಂದೂರಿನ ಮನೆಯ ಬೀಗದ ಕೈ ಇಂಟರ್‌ನ್ಯಾಷನಲ್ ಸಿಟಿಯಲ್ಲಿದೆ. ಅಕ್ಕಿ ಖರೀದಿಯಿಂದ ಹಿಡಿದು ಮಗನ ಟ್ಯೂಷನ್‌ವರೆಗೆ ಮನೆ ನಡೆಸುವುದು ಹೆಂಡತಿ, ಆದರೆ ಒಂದು ಮಿಕ್ಸಿ ಒಳಗೆ ತೆಗೆದುಕೊಳ್ಳಲು ಆಕೆ ದುಬೈಗೆ ಫೋನ್ ಮಾಡಬೇಕು. ಇದು ಆಕೆಗೂ ಮರ್ಯಾದೆಯಲ್ಲ, ಇವನಿಗೂ ಸುಖವಲ್ಲ.

ನಾನು ಇದನ್ನು ಬೇರೆಯವರಿಗೆ ಬುದ್ಧಿ ಹೇಳಲು ಬರೆಯುತ್ತಿಲ್ಲ. ಆ ಭಾನುವಾರದ ಮರುದಿನವೇ ನನ್ನ ಮನೆಯ ಪಟ್ಟಿ ಮಾಡಿದೆ. ಎಂಟು ಕಡೆ ನನ್ನ ನಂಬರ್ ಇತ್ತು. ಅದರಲ್ಲಿ ನನ್ನ ಸ್ವಂತ ಎನ್‌ಆರ್‌ಇ ಖಾತೆ ಒಂದಕ್ಕೆ ಮಾತ್ರ ನನ್ನ ನಂಬರ್ ನಿಜವಾಗಿ ಬೇಕಿತ್ತು. ಉಳಿದದ್ದೆಲ್ಲ ನನ್ನಾಕೆಯ ನಂಬರ್‌ಗೆ ಹೋಗಬಹುದಾದದ್ದೇ. ಆಕೆಯ ಹೆಸರಿನಲ್ಲಿ ಒಂದು ಉಳಿತಾಯ ಖಾತೆ, ಆಕೆಯದೇ ನಂಬರ್. ತಿಂಗಳ ಖರ್ಚಿನ ಹಣ ನೇರ ಅದಕ್ಕೆ. "ಹತ್ತು ವರ್ಷದ ಹಿಂದೆಯೇ ಇದನ್ನ ಮಾಡಬಹುದಿತ್ತಲ್ಲ" ಎಂದು ಆಕೆ ಹೇಳಿದಾಗ ನನ್ನ ಬಳಿ ಉತ್ತರ ಇರಲಿಲ್ಲ. ಮನೆ ತನ್ನಿಂದಲೇ ನಡೆಯುತ್ತಿದೆ ಎಂದು ಅನಿಸಿಕೊಳ್ಳುವ ಆಸೆ ದೂರ ಇರುವವನಿಗೆ ಇರುತ್ತದೆ. ಒಟಿಪಿ ಹೇಳುವಾಗ ಆ ಆಸೆ ಸ್ವಲ್ಪ ತಣಿಯುತ್ತದೆ. ಒಪ್ಪಿಕೊಳ್ಳಲು ನಾಚಿಕೆಯಾದರೂ ನಿಜ ಅದೇ.

ಎರಡನೆಯದು, ಆಟದ ದಿನ ಮೊದಲೇ ಹೇಳಿ. ಇಲ್ಲಿ 4 ಗಂಟೆ ಎಂದರೆ ಊರಿನಲ್ಲಿ ಐದೂವರೆ. ಐದೂವರೆಯಿಂದ ಆರೂಕಾಲುವರೆಗೆ ಫೋನ್ ಎತ್ತುವುದಿಲ್ಲ ಎಂದು ಬೆಳಿಗ್ಗೆ ಒಂದು ವಾಯ್ಸ್ ಮೆಸೇಜ್ ಹಾಕಿದರೆ ಅರ್ಧ ಭಯ ಅಲ್ಲೇ ಹೋಯಿತು. ಇಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಕರೆ ನಡೆಯದಿದ್ದರೂ ಮೆಸೇಜ್‌ಗೆ ಅಡ್ಡಿಯಿಲ್ಲ.

ಮೂರನೆಯದು ಸಂಘಟಕರಿಗೆ. ಫೋನ್ ಡಬ್ಬದಲ್ಲಿ ಹಾಕಿ ಎಂದರೆ ಸಾಲದು. ಆಡದ ಒಬ್ಬ ಸ್ವಯಂಸೇವಕನ ನಂಬರನ್ನು ಆಟಗಾರರಿಗೆ ಕೊಡಿ, ಅವರು ಅದನ್ನು ಮನೆಗೆ ಕೊಡಲಿ. ನಿಜವಾಗಿ ತುರ್ತು ಇದ್ದರೆ ಮಾತ್ರ ಆ ನಂಬರ್. ಕರೆ ಬಂದರೆ ಸ್ವಯಂಸೇವಕ ಆರ್ಬಿಟರ್‌ಗೆ ತಿಳಿಸುತ್ತಾನೆ, ಆರ್ಬಿಟರ್ ಆಟಗಾರನನ್ನು ಎಬ್ಬಿಸುತ್ತಾರೆ. ಆಟ ಹೋದರೆ ಹೋಗಲಿ, ತಾಯಿಯ ಸುದ್ದಿ ಮಗನಿಗೆ ತಲುಪುತ್ತದೆ. ಇಷ್ಟಿದ್ದಿದ್ದರೆ ಅಂದು ಹದಿನಾರನೇ ಫೋನೂ ಡಬ್ಬದಲ್ಲೇ ಇರುತ್ತಿತ್ತು. ಕನ್ನಡ ಸಂಘಗಳು ತಮ್ಮ ಕ್ರೀಡಾಕೂಟಗಳಲ್ಲಿ ಕ್ರಿಕೆಟ್, ಥ್ರೋಬಾಲ್ ಜೊತೆ ಚದುರಂಗಕ್ಕೂ ನಾಲ್ಕು ಮೇಜು ಹಾಕಿ, ಇದೇ ಪದ್ಧತಿ ಇಟ್ಟರೆ ಇನ್ನೂ ಒಳ್ಳೆಯದು. ಮಕ್ಕಳ ಚೆಸ್ ತರಗತಿಗೆ ಫೀಸು ಕಟ್ಟಿ, ಹೊರಗೆ ಕುರ್ಚಿಯಲ್ಲಿ ಕೂತು ಫೋನ್ ಉಜ್ಜುವ ಅಪ್ಪಂದಿರು ಇಲ್ಲಿ ಎಷ್ಟೋ ಮಂದಿ. ಅವರಿಗೂ ಒಂದು ಹಲಗೆ ಬೇಕು.

ಮತ್ತೆ ಆ ಸಂಜೆಗೆ ಬರುತ್ತೇನೆ. ಗೆಲುವು ಬರೆಸಿಕೊಂಡ ಹುಡುಗ ಮುಖ ಸಣ್ಣ ಮಾಡಿಕೊಂಡು ನಿಂತಿದ್ದ. "ಅಣ್ಣಾರ, ಇದು ನಾ ಗೆದ್ದಿದ್ದಲ್ರಿ. ಹೊರಗ ನಡೀರಿ, ಮುಗಿಸೋಣು" ಎಂದ. ಕೆಳಗಿನ ಮಲಯಾಳಿ ಕೆಫೆಟೇರಿಯಾದ ಹೊರಗಿನ ಮೇಜಿನ ಮೇಲೆ, ಕರಕ್ ಚಹಾದ ಲೋಟಗಳ ನಡುವೆ, ಅದೇ ಕಾಯಿಗಳನ್ನು ಅದೇ ಮನೆಗಳಲ್ಲಿ ಜೋಡಿಸಿದರು. ನಾವು ಮೂರು ಜನ ಸುತ್ತ ನಿಂತೆವು.

ಎಲ್ಲರೂ ಅಂದುಕೊಂಡದ್ದು ಬಿಳಿಗೆ ಗೆಲುವು ಎಂದೇ. ಆದರೆ ಹುಡುಗನ ರಾಜ ಕಾಲಾಳಿನ ದಾರಿಗೆ ಅಡ್ಡ ನಿಂತಿದ್ದ. ಅವನ ಆನೆ ತನ್ನ ಕಡೆಯಿಂದ ಮೂರನೇ ಅಡ್ಡಸಾಲಿನಲ್ಲಿ ಬೇಲಿಯ ಹಾಗೆ ನಿಂತು ಬಿಳಿ ರಾಜನನ್ನು ಮುಂದೆ ಬರಲು ಬಿಡಲಿಲ್ಲ. ಇವರು ಕಾದು ಕಾದು ಕಾಲಾಳನ್ನೇ ಒಂದು ಮನೆ ಮುಂದೆ ತಳ್ಳಿದರು. ಅಷ್ಟಕ್ಕೇ ಕಾಯುತ್ತಿದ್ದ ಆನೆ ಹಲಗೆಯ ಆ ತುದಿಗೆ ಇಳಿದು ಹಿಂದಿನಿಂದ ಒಂದರ ಮೇಲೊಂದು ಚೆಕ್ ಕೊಡತೊಡಗಿತು. ರಾಜನಿಗೆ ಮರೆಯಾಗಲು ಜಾಗವೇ ಇಲ್ಲ. ಆಟ ಡ್ರಾ. ಫ್ರಾನ್ಸಿನ ಫಿಲಿಡೋರ್ ಎಂಬಾತ ಹದಿನೆಂಟನೇ ಶತಮಾನದಲ್ಲೇ ತೋರಿಸಿಕೊಟ್ಟ ಉಪಾಯವಂತೆ. ಹುಡುಗ ಅದನ್ನು ರಾತ್ರಿ ಹೊತ್ತು ಮಂಚದ ಮೇಲೆ ಯೂಟ್ಯೂಬ್ ನೋಡಿ ಕಲಿತಿದ್ದ.

ನಮ್ಮ ಅಣ್ಣ ಬಹಳ ಹೊತ್ತು ಹಲಗೆ ನೋಡಿದರು. ಆಮೇಲೆ ಹುಡುಗನ ಬೆನ್ನು ತಟ್ಟಿ, ಇನ್ನೊಮ್ಮೆ ತೋರಿಸು ಎಂದರು. ಫೋನ್ ಬಾರದಿದ್ದರೆ ಗೆದ್ದೇ ಬಿಡುತ್ತಿದ್ದೆ ಎಂಬ ಕೊರಗು ಅಲ್ಲಿಗೆ ಮುಗಿಯಿತು. ಅವರಿಗೆ ಬೇಕಾಗಿದ್ದದ್ದು ಕಪ್ ಅಲ್ಲ, ಆಟವನ್ನು ಪೂರ್ತಿ ಆಡಿ ಮುಗಿಸುವುದು ಎಂದು ನನಗೆ ಆಗ ಅರ್ಥವಾಯಿತು.

ಊರಿನಲ್ಲಿರುವ ಅಕ್ಕ, ಅಮ್ಮಂದಿರಲ್ಲಿ ನನ್ನದೊಂದು ಕೇಳಿಕೆ. ನಿಮ್ಮವರು ಇಲ್ಲಿ ಏನಾದರೂ ಆಡುತ್ತಾರೆಯೇ, ಹಾಡುತ್ತಾರೆಯೇ ಎಂದು ಒಮ್ಮೆ ಕೇಳಿ ನೋಡಿ. ಬೈಯುವುದಕ್ಕಲ್ಲ, ತಿಳಿಯುವುದಕ್ಕೆ. ಯಾರ ಮಂಚದ ಕೆಳಗೆ ಯಾವ ಕಪ್ ಇದೆಯೋ ಗೊತ್ತಿಲ್ಲ. ಇನ್ನೊಂದು ಭಾನುವಾರ ಅವರು ಫೋನ್ ಎತ್ತದಿದ್ದರೆ ಮುಕ್ಕಾಲು ಗಂಟೆ ಬಿಟ್ಟು ಮತ್ತೆ ಮಾಡಿ. ಎತ್ತಿದ ಕೂಡಲೇ "ಎಷ್ಟು ಆಟ ಗೆದ್ದಿರಿ?" ಎಂದು ಕೇಳಿ. ಮಿಕ್ಸಿಯ ವಿಷಯ ಆಮೇಲೆ.